ಅಡಿಯ ಪದರ

ಲಾರಸತಿ ಸಂಗೀತ ಬರೆಯುತ್ತಿದ್ದದ್ದು ಮನೆಯಲ್ಲಿ ಪದರದ ಕಡುಬು ಬೇಯಿಸುವ ಹಾಗೆಯೇ. ಅಕ್ಕಿಹಿಟ್ಟು, ತೆಂಗಿನಹಾಲಿನ ಒಂದು ಪದರ ಹಬೆಯಲ್ಲಿ ಗಟ್ಟಿಯಾದ ಮೇಲಷ್ಟೇ ಇನ್ನೊಂದನ್ನು ಹೊಯ್ಯಬೇಕು. ಅವಸರಪಟ್ಟರೆ ಬಣ್ಣಗಳೆಲ್ಲ ಕಲಸಿಹೋಗುತ್ತವೆ. ಅವಳು ಮೊದಲು ಗಾಂಗ್, ಅಂದರೆ ತೂಗುಹಾಕಿದ ದೊಡ್ಡ ಕಂಚಿನ ಜಾಗಟೆಯ ಪೆಟ್ಟುಗಳನ್ನು ಬರೆದಳು. ಅದು ಮನಸ್ಸಿನಲ್ಲಿ ಕೂತ ಮೇಲೆ ತೆಳು ಹಾಳೆ ಹಾಸಿ ದೊಡ್ಡ ಪಿಟೀಲಿನಂಥ ಚೆಲ್ಲೊಗಳನ್ನು, ಅದರ ಮೇಲೆ ಕೊಳಲುಗಳನ್ನು, ಕೊನೆಗೆ ಚುರುಕಾಗಿ ಓಡುವ ಪಿಟೀಲುಗಳನ್ನು. ಹದಿನಾಲ್ಕು ತಿಂಗಳು ಹಿಡಿಯಿತು.

ನಾಳೆ ಜಾವಾದ ಸೊಲೊ ನಗರದಲ್ಲಿ ಅದರ ಮೊದಲ ಕಛೇರಿ. ಬೆಳಗಿನ ತಾಲೀಮಿನಲ್ಲಿ, ಜಕಾರ್ತದಿಂದ ಬಂದಿದ್ದ ವಾದ್ಯವೃಂದದ ನಿರ್ದೇಶಕ ಹಾಂದೊಯೊ ಕೋಲು ಕೆಳಗಿಟ್ಟ.

"ಲಾರಸ್ ಮೇಡಂ, ಹನ್ನೆರಡು ನಿಮಿಷದಲ್ಲಿ ಈ ಅಜ್ಜ ಬಾರಿಸೋದು ನಾಲ್ಕೇ ಸಲ. ಅದಕ್ಕೆ ಅರ್ಧ ವೇದಿಕೆ ಬೇಕಾ? ಗಾಂಗ್ ತೆಗೀರಿ. ಇಲ್ಲಾಂದ್ರೆ ನಾಳೆ ನಿಮ್ಮ ಕೃತಿನೇ ಇರಲ್ಲ."

ಗಾಂಗಿನ ಪಕ್ಕದಲ್ಲಿ ಚಕ್ಕಳಮಕ್ಕಳ ಕೂತಿದ್ದ ವಿರೊ ಅಜ್ಜ ನಕ್ಕ. "ನಾಲ್ಕು ಸಲ ಬಾರಿಸೋಕೆ ಹನ್ನೆರಡು ನಿಮಿಷ ಎಚ್ಚರ ಇರ್ಬೇಕಪ್ಪಾ. ನಿನಗದು ಅಭ್ಯಾಸ ಇಲ್ಲ ಅನ್ಸುತ್ತೆ."

ಲಾರಸತಿ ನಗಲಿಲ್ಲ. "ಅಜ್ಜನ್ನ ಬಿಟ್ಟೇ ನುಡಿಸಿ, ಸರ್. ಸರಿಯಾಗಿ ಮುಗಿಸಿ ತೋರಿಸಿದ್ರೆ ಗಾಂಗಿನ ಹಾಳೇನ ನಾನೇ ಹರಿದು ಹಾಕ್ತೀನಿ."

ಅಜ್ಜ ಎದ್ದು ವೇದಿಕೆಯ ಆಚೆ ತುದಿಗೆ ಹೋದ; ಉಳಿದವರು ನುಡಿಸಿದರು. ಕೊನೆಗೆ ಬರುತ್ತ ನಡೆ ನಿಧಾನವಾಯಿತು. ನಿಲ್ಲಿಸಿ ಎಂದು ಹಾಂದೊಯೊ ಗಾಳಿಯಲ್ಲಿ ಮುಷ್ಟಿ ಬಿಗಿದ. ಯಾರೂ ನಿಲ್ಲಲಿಲ್ಲ. ಎಲ್ಲರೂ ಚಿಕ್ಕಂದಿನಿಂದ ಮದುವೆಮನೆಗಳಲ್ಲಿ, ಗಾಂಗಿನ ಪೆಟ್ಟಿನಿಂದಲೇ ಮುಗಿಯುವ ಗಾಮೆಲಾನ್ ವಾದ್ಯಮೇಳ ಕೇಳಿ ಬೆಳೆದವರು. ಕಮಾನುಗಳು ತಂತಿಗಳ ಮೇಲೆ ತೆವಳುತ್ತಲೇ ಇದ್ದವು. ಕೊಳಲಿನವನ ಮುಖ ಉಸಿರಿಲ್ಲದೆ ಕೆಂಪಾಯಿತು.

"ನಿಲ್ಲಿಸ್ರೀ!"

ಅಲ್ಲೊಂದು ಇಲ್ಲೊಂದು ಸ್ವರ ಉದುರಿ, ಹೇಗೋ ನಿಂತಿತು.

"ಗಾಂಗಿನ ಪೆಟ್ಟು ಬೀಳಲೇ ಇಲ್ವಲ್ಲ, ಸರ್," ಚೆಲ್ಲೊದ ನಿನಿಂಗ್ ತಪ್ಪೊಪ್ಪಿಕೊಳ್ಳುವವಳಂತೆ ಹೇಳಿದಳು. "ಕಮಾನು ನಿಲ್ಲಿಸೋಕೇ ಬರಲಿಲ್ಲ."

ಹಾಂದೊಯೊ ಬೆವರೊರೆಸಿಕೊಂಡ. "ಸರಿ, ಕೊನೇದೊಂದು ಇರ್ಲಿ. ಉಳಿದ ಮೂರು ಬೇಡ."

"ತಳದ ಪದರಾನ ಚೂರುಪಾರು ಇಡೋಕಾಗಲ್ಲ. ಇದ್ರೆ ನಾಲ್ಕೂ. ಇಲ್ಲಾಂದ್ರೆ ನನ್ನ ಕೃತಿ ನನ್ನ ಚೀಲದಲ್ಲಿರುತ್ತೆ."

ಅವಳು ಸ್ಟ್ಯಾಂಡುಗಳ ಮೇಲಿನ ಹಾಳೆಗಳನ್ನು ಒಂದೊಂದಾಗಿ ಎತ್ತಿಕೊಳ್ಳತೊಡಗಿದಳು. ಮೂರನೆಯ ಸ್ಟ್ಯಾಂಡಿನಲ್ಲಿ ನಿನಿಂಗ್ ತನ್ನ ಹಾಳೆಯ ಮೇಲೆ ಅಂಗೈ ಒತ್ತಿ ಹಿಡಿದಳು.

"ಕೊಡಲ್ಲ, ಮೇಡಂ."

ಪಕ್ಕದವನೂ ಒತ್ತಿ ಹಿಡಿದ. ಅವನ ಹಿಂದಿನವಳೂ.

ಹಾಂದೊಯೊ ಸುತ್ತ ನೋಡಿದ. ಉಳಿದ ಎಲ್ಲ ಕೈಗಳೂ ಹಾಳೆಗಳ ಮೇಲಿದ್ದವು, ವಾದ್ಯದ ಮೇಲೆ ಒಂದೂ ಇರಲಿಲ್ಲ.

ವಿರೊ ಅಜ್ಜ ಮಾತ್ರ, ವಾದ್ಯವನ್ನು ದಾಟುವುದು ಅಪಚಾರವೆಂದು ಎಲ್ಲರನ್ನೂ ಬಳಸಿಕೊಂಡು ಬಂದು, ಗಾಂಗಿಗೆ ಕೈಮುಗಿದು ಬಡಿಗೆ ಎತ್ತಿಕೊಂಡ.

"ಮೊದಲಿಂದ," ಎಂದ ಹಾಂದೊಯೊ, ಯಾರನ್ನೂ ನೋಡದೆ.