ಕಾಲು ಎಷ್ಟು ಎತ್ತಿದರೆ ನೋವು

ಬಡಗಿಗೆ ಕಣ್ಣಳತೆ ಅಂದರೆ ಆಗದು. ಬಾಗಿಲು ನೂಲೆಳೆಯಷ್ಟು ಸೊಟ್ಟಗಿದ್ದರೂ ಬಿಚ್ಚಿ ಮತ್ತೆ ಕೂರಿಸುವ ಆಸಾಮಿ. ಅಂಥವನಿಗೆ ಒಂದು ಬೆಳಿಗ್ಗೆ ಹಲಗೆ ಎತ್ತುವಾಗ ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಮಿಂಚು ಹೊಡೆದ ಹಾಗಾಯಿತು.

ಡಾಕ್ಟರಮ್ಮ ಅವನನ್ನು ಅಂಗಾತ ಮಲಗಿಸಿ, ಮಂಡಿ ಮಡಚದೆ ಎಡಗಾಲನ್ನು ನಿಧಾನಕ್ಕೆ ಮೇಲೆತ್ತಿದರು. ಅರ್ಧ ದಾರಿಗೇ "ಅಯ್ಯಪ್ಪಾ!" ಅಂದ. "ನಲವತ್ತು ಡಿಗ್ರಿ," ಅಂತ ಬರೆದುಕೊಂಡರು. ಬಲಗಾಲು ಎತ್ತಿದಾಗಲೂ ನೋವು ಎಡಗಾಲಿಗೇ ಬಂತು; ಹೆಬ್ಬೆರಳಿನ ಬಲ, ಜೋಮು ಎಲ್ಲ ನೋಡಿ, "ಸೊಂಟದಲ್ಲಿ ನರ ಒತ್ತಿಕೊಂಡಿದೆ," ಅಂದರು. ಪಕ್ಕದ ಕೋಣೆಯ ಫಿಜಿಯೋಥೆರಪಿಸ್ಟ್ ಅದೇ ಎಡಗಾಲೆತ್ತಿ ಅರವತ್ತು ಅಂತ ಬರೆದ.

"ಹತ್ತು ನಿಮಿಷಕ್ಕೆ ಇಪ್ಪತ್ತು ಡಿಗ್ರಿ ವ್ಯತ್ಯಾಸ! ನಾನು ಹೀಗೆ ಕಿಟಕಿ ಮಾಡಿದ್ರೆ ಜನ ಸುಮ್ನೆ ಬಿಡ್ತಾರಾ?" ಎಂದು ಗೊಣಗುತ್ತಾ ಮನೆಗೆ ಬಂದ.

ಬಂದವನೇ ಮಗಳ ಕಂಪಾಸ್ ಬಾಕ್ಸಿನಿಂದ ಪ್ರೊಟ್ರಾಕ್ಟರ್ ತೆಗೆದು ಮನೆಮಂದಿಯನ್ನೆಲ್ಲ ಒಬ್ಬೊಬ್ಬರಾಗಿ ಮಂಚ ಹತ್ತಿಸಿದ. ಹೆಂಡತಿ ಕಾಲೆತ್ತುವುದು, ಇವನು ಅಳೆಯುವುದು. ದಿನಾ ಓಡುವ ಗಟ್ಟಿ ಆಳು ಭಾಮೈದ ಐವತ್ತೈದಕ್ಕೇ ಕಿರುಚಿದ. ಎಪ್ಪತ್ತು ದಾಟಿದ ಅತ್ತೆ ತೊಂಬತ್ತಕ್ಕೆ ಎತ್ತಿಸಿಕೊಂಡು, "ಇನ್ನೂ ಎತ್ತಬೇಕಾ, ಅಳಿಯಂದ್ರೇ?" ಎಂದರು.

ಮರುದಿನ ಅಳತೆ ಬರೆದ ಚೀಟಿ ಹಿಡಿದು ಡಾಕ್ಟರಮ್ಮನ ಎದುರು ಕೂತ. "ಭಾಮೈದನೂ ಕೂಗಿದ. ಅವನಿಗೇನೂ ಕಾಯಿಲೆ ಇಲ್ಲ. ನಿಮ್ಮ ಪರೀಕ್ಷೆ ನಂಬೋದು ಹೇಗೆ?"

"ಅವರಿಗೆ ನೋವಾಗಿದ್ದೆಲ್ಲಿ?"

"ತೊಡೆ ಹಿಂದೆ."

"ಅದು ಸ್ನಾಯು ಬಿಗಿದದ್ದು. ನಿಮಗೆ ಪಾದದವರೆಗೂ ಇಳೀತು. ನರ ಒತ್ತಿಕೊಂಡವರು ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳೋದು ಕಡಿಮೆ. ಆದ್ರೆ ಏನೂ ಇಲ್ಲದವರೂ ಎಷ್ಟೋ ಸಲ ಸಿಕ್ಕಿಬೀಳ್ತಾರೆ. ನಿನ್ನೆ ಬಲಗಾಲು ಎತ್ತಿದಾಗ ನಿಮಗೆ ಎಡಗಾಲಲ್ಲಿ ನೋವು ಬಂತಲ್ಲ? ಎಲ್ಲ ರೋಗಿಗಳಿಗೂ ಹಾಗಾಗಲ್ಲ. ಆದವರಲ್ಲಿ ನರದ್ದೇ ತಂಟೆ ಅಂತ ಹೆಚ್ಚು ಧೈರ್ಯವಾಗಿ ಹೇಳಬಹುದು. ಹೆಬ್ಬೆರಳಿನ ಬಲ, ಜೋಮು, ಎಲ್ಲ ಸೇರಿಸಿಯೇ ನಾನು ಹೇಳಿದ್ದು."

"ಮತ್ತೆ ಆ ಇಪ್ಪತ್ತು ಡಿಗ್ರಿ?"

"ಎತ್ತೋ ಕೈ ಬೇರೆ, ವೇಗ ಬೇರೆ. ನಾವೇನು ಚೌಕಟ್ಟು ಕೂರಿಸ್ತಿದ್ದೀವಾ? ಓಡಾಡ್ತಾ ಇರಿ, ಭಾರ ಎತ್ತಬೇಡಿ. ಹೆಚ್ಚಿನವರಿಗೆ ಕೆಲವು ವಾರದಲ್ಲಿ ಇಳಿಯುತ್ತೆ. ಕಾಲಿನ ಬಲ ಹೋದ್ರೆ, ಮೂತ್ರ ಕಟ್ಟಿದ್ರೆ ಮಾತ್ರ ತಕ್ಷಣ ಬನ್ನಿ."

ಹತ್ತು ದಿನವಾದರೂ ನೋವು ಜಗ್ಗಲಿಲ್ಲ. ಮತ್ತೆ ಹೋದಾಗ ಹೆಂಡತಿಯೇ ಗುಟ್ಟು ಬಿಟ್ಟಳು. "ಡಾಕ್ಟ್ರೇ, ದಿನಕ್ಕೆ ಇಪ್ಪತ್ತು ಸಲ ನನ್ನ ಕೈಲಿ ತಮ್ಮ ಕಾಲೆತ್ತಿಸಿ ಅಳೀತಾರೆ. ನನ್ನ ರಟ್ಟೆ ಬಿದ್ದುಹೋಗಿದೆ!"

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಗಾಯ ಮಾಯ್ತಾ ಅಂತ ಗಂಟೆಗೊಮ್ಮೆ ಕೆರೆದು ನೋಡಿದ್ರೆ ಮಾಯುತ್ತೇನ್ರೀ?"

ಬಡಗಿ ಪೆಚ್ಚಾದ. ಅಂದಿನಿಂದ ಅಳೆಯುವುದು ನಿಂತು ನಡಿಗೆ ಶುರುವಾಯಿತು. ಮೊದಲು ಪಾದದ ನೋವು ಬಿಟ್ಟಿತು, ಆಮೇಲೆ ಮೀನಖಂಡದ್ದು. ಏಳನೇ ವಾರ ಒಂದು ಬೆಳಿಗ್ಗೆ ಅವನೇ ಬಗ್ಗಿ ಶೂ ದಾರ ಕಟ್ಟಿಕೊಂಡ. ಇಷ್ಟು ದಿನ ಕಟ್ಟಿಕೊಟ್ಟಿದ್ದ ಹೆಂಡತಿ ಬಾಗಿಲಲ್ಲಿ ನಿಂತು, "ಎಲ್ಲಿ, ಇನ್ನೊಂದ್ಸಲ ಕಟ್ಟಿ ನೋಡೋಣ," ಅಂದಳು.

ಅವನು ಬಿಚ್ಚಿ ಮತ್ತೆ ಕಟ್ಟಿದ.