ಮೂವತ್ತರ ಹಲಗೆ

"ಬೇಗ ಕೈ ಆಡ್ಸೇ ಮುಂಡೆ, ಸಾಹೇಬರ ಜೀಪು ಗೇಟು ದಾಟಿ ಆಯ್ತು," ಎಂದು ರೈಲ್ವೆ ಇನ್‌ಸ್ಪೆಕ್ಟರು ಬಣ್ಣದ ಡಬ್ಬಿಯನ್ನು ಬೂಟಿನಿಂದ ಅವಳ ಕಡೆಗೆ ತಳ್ಳಿದ.

ಅವಳ ಗಂಡ ಬದುಕಿಯೇ ಇದ್ದ. ಹತ್ತು ಮಾರು ದೂರದಲ್ಲಿ, ಜಲ್ಲಿಯ ಮೇಲೆ, ಇಬ್ಬರು ಪೊಲೀಸರ ನಡುವೆ ಮೊಣಕಾಲು ತರಚಿಕೊಂಡು ಕೂತಿದ್ದ. ಗಂಡನಿರುವವಳನ್ನು ಮುಂಡೆ ಅನ್ನಲು ಈ ಮಹಾನುಭಾವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಸಂಜೆಯೊಳಗೆ ಅವನನ್ನು ಜೈಲಿಗೆ ಕಳಿಸಿ, ಆಡಿದ ಮಾತನ್ನು ಅರ್ಧ ನಿಜ ಮಾಡುವ ಏರ್ಪಾಡೂ ನಡೆದಿತ್ತು.

ಹೆಣ್ಣಾನೆ ಹಳಿಯ ಕೆಳಗಿನ ಇಳಿಜಾರಿನಲ್ಲಿ ಬಿದ್ದಿತ್ತು. ಬೆಳಗಿನ ರೈಲು ಹೊಡೆದದ್ದು. ಕಾಡಿನ ಹಳಿಯನ್ನು ಕಾಯುವುದು ಅವಳ ಗಂಡನ ಕೆಲಸ. ಆನೆಯ ಲದ್ದಿಗೆ ಕೈ ಹಾಕಿ ನೋಡುವುದು, ಬಿಸಿಯಿದ್ದರೆ ಆನೆ ಹತ್ತಿರದಲ್ಲಿದೆಯೆಂದು ಕೆಂಪು ಬಾವುಟ ಹಿಡಿದು ರೈಲಿಗೆ ಎದುರಾಗಿ ಓಡುವುದು. ಅವತ್ತೂ ಓಡಿದ್ದ. ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ಬರುವ ರೈಲಾಗಿದ್ದರೆ ನಿಲ್ಲುತ್ತಿತ್ತು. ಇದು ಎಂಬತ್ತರಲ್ಲಿ ಬಂತು. ಅವನು ಪಕ್ಕಕ್ಕೆ ಹಾರಿ ಕಲ್ಲಿನ ಮೇಲೆ ಬಿದ್ದ, ಆನೆಗೆ ಹಾರಲು ಆಗಲಿಲ್ಲ.

ಹಳಿಯ ಪಕ್ಕದ ಹಳದಿ ವೇಗದ ಹಲಗೆಯ ಮೇಲೆ ಎಂಬತ್ತು ಬರೆದವಳು ಅವಳೇ. ಹಳಿ ರಿಪೇರಿಯ ಗ್ಯಾಂಗಿನಲ್ಲಿ ಬಣ್ಣದ ಕೆಲಸವೆಲ್ಲ ಅವಳ ಪಾಲಿನದು. ಅಕ್ಷರ ಬಾರದು, ಅಂಕಿ ಮಾತ್ರ ಅಚ್ಚು ಒತ್ತಿದ ಹಾಗೆ ಬರೆಯುತ್ತಿದ್ದಳು. ಹೋದ ತಿಂಗಳು ಇನ್‌ಸ್ಪೆಕ್ಟರು ಬಂದು, ರೈಲುಗಳು ತಡವಾಗುತ್ತಿವೆ, ಮೂವತ್ತನ್ನು ಎಂಬತ್ತು ಮಾಡು ಎಂದಿದ್ದ. ಮೇಸ್ತ್ರಿ ಕಾಗದ ಕೇಳಿದಾಗ, ನನ್ನ ಬಾಯೇ ಕಾಗದ ಎಂದು ಗದರಿದ್ದ. ಅಂದಿನಿಂದ ಗ್ಯಾಂಗಿನವರು ಅವನ ಬೆನ್ನ ಹಿಂದೆ ಅವನಿಗೆ ಬಾಯಿಮಾತು ಎಂದೇ ಹೆಸರಿಟ್ಟಿದ್ದರು. ಅವಳು ಮೂರರ ಎಡಗಡೆ ಕಪ್ಪು ಬಣ್ಣದಲ್ಲಿ ಎರಡು ಗೀರು ಎಳೆದು ಎಂಟು ಮಾಡಿದ್ದಳು. ಹೇಳಿದ್ದು ಅವರು, ನಮಗೇಕೆ ಊರ ಉಸಾಬರಿ ಎಂದು ಸುಮ್ಮನಾಗಿದ್ದಳು. ಹಾಗೆ ಸುಮ್ಮನಾದದ್ದಕ್ಕೆ ಈಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಈಗ ಎಂಟು ಮತ್ತೆ ಮೂರಾಗಬೇಕಿತ್ತು. ಬಾಯಿಮಾತಿನ ಕಥೆ ಸಿದ್ಧವಾಗಿತ್ತು: ಹಲಗೆಯಲ್ಲಿ ಮೂವತ್ತೇ ಇತ್ತು, ರೈಲು ಮೂವತ್ತರಲ್ಲೇ ಬಂತು, ಕಾವಲಿನವನು ಕುಡಿದು ಬಿದ್ದಿದ್ದ, ಮೊಣಕಾಲೇ ಸಾಕ್ಷಿ. ಎಂಜಿನ್ನಿನ ವೇಗದ ದಾಖಲೆ ಹೇಗೂ ರೈಲ್ವೆಯವರ ಕೈಯಲ್ಲೇ ಇತ್ತು.

ಎಡಗಡೆಯ ಗೀರುಗಳ ಮೇಲೆ ಅವಳು ಹಳದಿ ಬಳಿಯತೊಡಗಿದಳು. ಬಣ್ಣ ಗಟ್ಟಿಯಾಗಿತ್ತು. ಸೀಮೆಎಣ್ಣೆ ಸುರಿ, ಬೇಗ ಒಣಗುತ್ತದೆ ಎಂದು ಬಾಯಿಮಾತು ಅಪ್ಪಣೆ ಮಾಡಿದ. ಸೀಮೆಎಣ್ಣೆ ಬಿದ್ದ ಬಣ್ಣ ಮಾರನೇ ದಿನದವರೆಗೂ ಹಸಿಯಾಗಿರುತ್ತದೆಂದು ಕುಂಚ ಹಿಡಿದವರಿಗೆಲ್ಲ ಗೊತ್ತು. ಇವನು ಹಿಡಿದದ್ದು ಪೆನ್ನು, ಅದನ್ನೂ ಬರೆಯುವುದಕ್ಕಲ್ಲ. ಅವಳು ಧಾರಾಳವಾಗಿ ಸುರಿದಳು.

ರೈಲ್ವೆಯ ದೊಡ್ಡ ಸಾಹೇಬರು ಬಂದರು. ಜೊತೆಗೆ ಪತ್ರಿಕೆಯವರು, ಕ್ಯಾಮೆರಾದವರು, ಆಳೆತ್ತರದ ಒಂದು ಹೂವಿನ ಹಾರ. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಆನೆಗೆ ಹಾರ ಹಾಕಿದರು. ಮೊದಲ ಫೋಟೋದಲ್ಲಿ ಕರವಸ್ತ್ರ ಕಂಡಿತೆಂದು ಇನ್ನೊಮ್ಮೆ ಹಾಕಿದರು. ಹೋದ ವರ್ಷ ಇದೇ ತಿರುವಿನಲ್ಲಿ ಗ್ಯಾಂಗಿನವನೊಬ್ಬ ರೈಲಿಗೆ ಸಿಕ್ಕಿದಾಗ ಹೆಣ ಹೊರಲು ಚಾಪೆಯನ್ನೂ ಕೊಟ್ಟಿರಲಿಲ್ಲ. ಆನೆ ಪುಣ್ಯವಂತೆ.

ಕ್ಯಾಮೆರಾದವರು ಆನೆಯ ಹತ್ತಿರವೇ ಉಳಿದರು. ಸಾಹೇಬರು ಇಳಿಜಾರು ಹತ್ತಿ ಬಂದು ಹಲಗೆಯನ್ನು ನೋಡಿ, ಇದು ಮೊದಲಿಂದಲೂ ಮೂವತ್ತೇ ತಾನೆ ಎಂದು ಕೇಳಿದರು.

"ವರ್ಷಗಳಿಂದ ಹೀಗೇ ಇದೆ ಸಾರ್. ಬರೆದವಳು ಇವಳೇ, ಕೇಳಿ. ಗಂಡ ಕುಡುಕ, ಅದನ್ನೂ ಇವಳೇ ಹೇಳ್ತಾಳೆ," ಎಂದ ಬಾಯಿಮಾತು.

ಅವಳು ಗಂಡನ ಕಡೆ ನೋಡಿದಳು. ಅವನು ಬೇಡವೆಂದು ತಲೆಯಾಡಿಸಿದ. ಇಬ್ಬರೂ ಒಳಗೆ ಹೋದರೆ ಮನೆ ಹಾಳಾಗುತ್ತದೆಂದು ಅವಳಿಗೂ ಗೊತ್ತಿತ್ತು. ಆದರೂ ಸೆರಗನ್ನು ಮುದ್ದೆ ಮಾಡಿ ಹಲಗೆಯ ಎಡಭಾಗವನ್ನು ಒಂದೇ ಸಲ ಒರೆಸಿದಳು. ಹಳದಿಯೆಲ್ಲ ಬಟ್ಟೆಗೆ ಬಂತು. ಕಪ್ಪಗೆ, ದಪ್ಪಗೆ, ಎಂಟು ಎದ್ದು ನಿಂತಿತು.

"ಎಂಟು ಮಾಡು ಅಂದೋನೂ ಇವನೇ, ಮೂರು ಮಾಡು ಅಂದೋನೂ ಇವನೇ. ಬರೆದ ಕೈ ನಂದು. ಹಿಡಿಯೋದಾದ್ರೆ ನನ್ನ ಹಿಡೀರಿ. ಅವನು ಓಡಿದ್ದಾನೆ ಸಾಹೇಬ್ರೇ, ನಿಮ್ಮ ರೈಲಿನ ಮುಂದೆ ಒಬ್ಬನೇ ಓಡಿದ್ದಾನೆ."

ಸಾಹೇಬರ ಮುಖದಲ್ಲಿ ಆಶ್ಚರ್ಯವೇ ಕಾಣಲಿಲ್ಲ. ಅವರು ಕ್ಯಾಮೆರಾದವರ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, ಮತ್ತೆ ಬಳಿ, ನಿನ್ನ ಗಂಡನ ವಿಷಯ ಆಮೇಲೆ ನೋಡೋಣ ಎಂದರು. ಅಂದರೆ ಇವರಿಗೂ ಗೊತ್ತಿತ್ತು. ಥೂ ನಿಮ್ಮ ಜನ್ಮಕ್ಕೆ ಎಂದು ಅವಳ ಮೈಯೆಲ್ಲ ಉರಿಯಿತು. ಡಬ್ಬಿಯನ್ನು ಎತ್ತಿ ಜಲ್ಲಿಯ ಮೇಲೆ ಬೋರಲು ಹಾಕಿದಳು. ಹಳದಿ ಕಲ್ಲುಗಳ ಸಂದಿಗೆ ಇಳಿದುಹೋಯಿತು.

"ಬಣ್ಣ ಮುಗೀತು," ಎಂದಳು.

ಕ್ಯಾಮೆರಾದವರು ಇಳಿಜಾರು ಹತ್ತತೊಡಗಿದ್ದರು. ಬಾಯಿಮಾತು ಬೇರೇನೂ ತೋಚದೆ ಓಡಿಹೋಗಿ ಹಲಗೆಗೆ ಬೆನ್ನು ಕೊಟ್ಟು, ಎಂಟನ್ನು ಮುಚ್ಚಿ, ನೆಟ್ಟಗೆ ನಿಂತುಬಿಟ್ಟ. ಅವಳು ಪೊಲೀಸರನ್ನು ಸರಿಸಿ ಗಂಡನ ಪಕ್ಕದಲ್ಲಿ ಕೂತಳು. ಮೇಸ್ತ್ರಿ ಹಾರೆಯನ್ನು ನೆಲಕ್ಕಿಟ್ಟು ಬಂದು ಕೂತ. ಗ್ಯಾಂಗಿನ ಉಳಿದವರೂ ಒಬ್ಬೊಬ್ಬರಾಗಿ ಹಲಗೆಗೆ ಎದುರಾಗಿ ಕೂತರು.

"ನಿಂತ್ಕೊಳ್ಳಿ ಸಾರ್," ಎಂದಳು ಅವಳು. "ಎಷ್ಟು ಹೊತ್ತು ನಿಲ್ತೀರೋ ನಿಂತ್ಕೊಳ್ಳಿ. ನಾವು ಇಲ್ಲೇ ಇರ್ತೀವಿ."