ಬಕೆಟ್ಟಿನ ನೀರು, ಕೊಳದ ನೀರು

ವಸತಿಗೃಹದ ಹಿಂದಿದ್ದ ಈಜುಕೊಳ ದಿನದಿನಕ್ಕೂ ಇಳಿಯುತ್ತಿತ್ತು. ಬಿಸಿಲಿಗೆ ಆರುತ್ತಿದೆಯೋ, ತಳದಲ್ಲಿ ಸೋರುತ್ತಿದೆಯೋ ಯಾರಿಗೂ ತಿಳಿಯದು. ಕೊಳ ನೋಡಿಕೊಳ್ಳುವವನ ಜೀವ ಮಾತ್ರ ಬಾಯಿಗೆ ಬಂದಿತ್ತು.

ಅವನಿಗಿದ್ದವಳು ಒಬ್ಬಳೇ ತಂಗಿ. ತಾಯಿ ತೀರಿಕೊಂಡ ವರ್ಷವೇ ಪಾರ್ಶ್ವವಾಯು ಬಡಿದು ಅವಳ ಬಲಭಾಗವೆಲ್ಲ ಕೊರಡಾಯಿತು. ನೆಲದ ಮೇಲೆ ನಿಲ್ಲಿಸಿದರೆ ಒದ್ದೆ ಬಟ್ಟೆಯಂತೆ ಕುಸಿಯುವಳು. ಎದೆಮಟ್ಟದ ನೀರಿನಲ್ಲಿ ಮಾತ್ರ ನಿಲ್ಲುವಳು, ನಾಲ್ಕು ಹೆಜ್ಜೆ ಇಡುವಳು. "ನೀರಿನ ಅಭ್ಯಾಸ ಬಿಡಿಸಬೇಡಿ, ಬಂದಿದ್ದೂ ಹೋಗಿಬಿಡುತ್ತೆ" ಎಂದಿದ್ದರು ಡಾಕ್ಟರು. ಅತಿಥಿಗಳು ಏಳುವ ಮೊದಲು, ಅಣ್ಣನ ಕೆಲಸದ ದೆಸೆಯಿಂದ, ಅವಳಿಗೆ ಈ ನೀರು ಸಿಗುತ್ತಿತ್ತು. ಬೇರೆ ಕೊಳದವರು ಬಾಗಿಲಲ್ಲೇ ಕೈಮುಗಿದು ಕಳಿಸಿದ್ದರು.

ಒಂದು ದಿನ ಮ್ಯಾನೇಜರ್ ಬಂದು ಹೇಳಿದ: "ನೋಡಪ್ಪಾ, ಬಿಸಿಲಿಗೆ ಹೋಗ್ತಿದ್ರೆ ಹೋಗ್ಲಿ, ತುಂಬಿಸ್ಕೊಳ್ಳೋಣ. ಸೋರ್ತಿದ್ರೆ ಮಾತ್ರ ಮಣ್ಣು ಹಾಕಿ ಮುಚ್ಚಿಸಿ ಕಾರು ನಿಲ್ಲಿಸೋದೇ. ಬಕೆಟ್ ಇಟ್ಟು ನೋಡು."

ಸುಲಭದ ಪರೀಕ್ಷೆ ಅದು. ಕೊಳದ ಮೆಟ್ಟಿಲ ಮೇಲೆ ಬಕೆಟ್ಟು ಇಟ್ಟು, ತೇಲದಂತೆ ಕಲ್ಲು ಹಾಕಿ, ಕೊಳದ ಮಟ್ಟಕ್ಕೇ ನೀರು ತುಂಬಿ, ಬಕೆಟ್ಟಿನ ಒಳಗೂ ಹೊರಗೂ ಗೆರೆ ಎಳೆಯಬೇಕು. ಬಿಸಿಲು ಎರಡರಿಂದಲೂ ಒಂದೇ ಸಮ ಕುಡಿಯುತ್ತದೆ. ಮರುದಿನ ಕೊಳದ ನೀರೇ ಹೆಚ್ಚು ಇಳಿದಿದ್ದರೆ ಸೋರಿಕೆ.

ಮರುದಿನ ಬೆಳಗ್ಗೆ ತಂಗಿಯನ್ನು ಎತ್ತಿ ತಂದು ಮೆಟ್ಟಿಲ ಮೇಲೆ ಕೂರಿಸುವಾಗಲೇ ಅವನು ಕಂಡ. ಬಕೆಟ್ಟಿನ ನೀರು ಗೆರೆಯಿಂದ ಕದಲಿದಂತಿಲ್ಲ. ಕೊಳ ಮೂರು ಬೆರಳು ಕೆಳಗಿದೆ. "ಇಲ್ಲೇ ಇರು, ಪುಟ್ಟಿ" ಎಂದು ಪಂಪಿನ ಕೋಣೆಗೆ ಹೋಗಿ, ಎಂದೂ ಸುಳ್ಳಾಡದವನು, "ಸ್ವಾಮೀ, ಈ ಪಾಪ ನನಗೊಬ್ಬನಿಗೇ ಇರಲಿ" ಎಂದು ನೀರು ಬಿಟ್ಟ. ಕೊಳ ಹೊರಗಿನ ಗೆರೆಯ ಹತ್ತಿರ ಬರುವವರೆಗೂ ಬಿಟ್ಟ. ಬಕೆಟ್ಟಿನೊಳಗೆ ಮತ್ತೆ ಇಣುಕಲಿಲ್ಲ.

ಮಧ್ಯಾಹ್ನ ಮ್ಯಾನೇಜರ್ ಬಂದು ಬಗ್ಗಿ ನೋಡಿದ. ಒಳಗೆ ನೋಡಿದ, ಹೊರಗೆ ನೋಡಿದ.

"ಬಕೆಟ್ಟು ಮೂರು ಬೆರಳು ಇಳಿದಿದೆ, ಕೊಳ ಇಳಿದೇ ಇಲ್ಲ. ಏನಯ್ಯಾ, ಬಿಸಿಲಿಗೂ ಪಕ್ಷಪಾತ ಬಂತಾ?"

ಅವನು ಗಾಲಿಕುರ್ಚಿಯಲ್ಲಿದ್ದ ತಂಗಿಯ ಕಡೆ ತಿರುಗಿದ. ಅವಳು ಎಡಗೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡಳು.

"ನನ್ನ ಕಿವಿಗೇ ಹೂವಾ? ಸಂಜೆಯೊಳಗೆ ಕೊಳ ಖಾಲಿಯಾಗಿರಬೇಕು" ಎಂದು ಮ್ಯಾನೇಜರ್ ಬಿರಬಿರನೆ ಹೊರಟುಹೋದ.

"ನೀನೂನಾ, ಪುಟ್ಟಿ?"

"ನೀನು ಆ ಕಡೆ ಹೋದೆಯಲ್ಲ, ಆಗ ಬಕೆಟ್ಟಿನ ನೀರು ಮೊಗೆದು ಚೆಲ್ಲಿದೆ. ಕೊಳದ ಸಮಕ್ಕೆ ತಂದಿದ್ದೆ ಕಣೋ. ನೀನು ನೀರು ಬಿಡ್ತೀಯ ಅಂತ ನನಗೇನು ಗೊತ್ತು? ದೇವರಿಗೆ ಹೆದರೋನು ನೀನು."

"ಇಬ್ಬರಲ್ಲಿ ಒಬ್ಬರು ಸುಮ್ಮನಿದ್ದಿದ್ರೆ ಸಾಕಾಗಿತ್ತು."

"ನಮ್ಮಮ್ಮ ಇದ್ದಿದ್ರೆ ಇಬ್ಬರ ಕಿವೀನೂ ಹಿಂಡಿರೋಳು" ಎಂದು ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು. "ಅಣ್ಣಾ, ಒಂದ್ಸಲ ಇಳಿಸು. ನೀರು ಇರೋವರೆಗೂ ನಿಲ್ತೀನಿ."

ಅವನು ತಳದ ಕಿಂಡಿ ತೆರೆದು ಬಂದ. ಅವಳನ್ನು ಎತ್ತಿಕೊಂಡು ತಾನೂ ಇಳಿದ. ಎದೆಯವರೆಗಿದ್ದ ನೀರು ನಿಧಾನವಾಗಿ ಸೊಂಟಕ್ಕೆ ಬಂತು. ಅಷ್ಟು ಕಡಿಮೆ ನೀರಿನಲ್ಲಿ ಅವಳು ಎಂದೂ ನಿಂತವಳಲ್ಲ. ಮೊಣಕಾಲು ನಡುಗಿತು.

"ಬಿಡ್ಬೇಡ."

"ಬಿಡಲ್ಲ."

ಅವನು ತುಟಿಯಲ್ಲೇ ದೇವರನ್ನು ಕೂಗುತ್ತಿದ್ದ. ಇನ್ನೊಂದು ಗೇಣು, ಸ್ವಾಮೀ, ಇನ್ನೊಂದೇ ಬೆರಳು. ನೀರು ತೊಡೆಗಿಳಿಯಿತು. ಅವಳ ಭಾರವೆಲ್ಲ ಅವನ ತೋಳಿಗೆ ಬಂತು.

"ಅಣ್ಣಾ, ಕಾಲು ಗೊತ್ತಾಗ್ತಿಲ್ಲ. ನಿಂತಿದ್ದೀನಾ?"

"ನಿಂತಿದ್ದೀಯ, ಪುಟ್ಟಿ" ಎಂದ. ಅದು ಆ ದಿನದ ಎರಡನೆಯ ಸುಳ್ಳು. ಅವಳ ಕಾಲು ಆಗಲೇ ಮಡಚಿಹೋಗಿತ್ತು, ನಿಂತಿದ್ದವನು ಅವನೊಬ್ಬನೇ.